ಪಕ್ಕಾ ವಹಿಗೆ ಬಾರದ ಮಾತು

೧೨ ಜೂನ್ ೨೦೨೪, ಬುಧವಾರ, ಶಹಾಪುರ

ಇವತ್ತು ನುಜ್ಹತ ಬಂದು ನನ್ನ ಕಚ್ಚಾ ವಹಿಗಳನ್ನು ವಾಪಸ್ ಕೊಟ್ಟು ಹೋದಳು. ಹತ್ತೊಂಬತ್ತು ವಹಿ. ಎರಡು ವರ್ಷ ಇಟ್ಟುಕೊಂಡಿದ್ದಳು. ಒಂದೊಂದಕ್ಕೂ ಖಾಕಿ ಹಾಳಿ ಹೊದಿಸಿ, ಮ್ಯಾಲ ಇಸವಿ ಬರದು, ಶಾಲಿ ಮಕ್ಕಳ ಪುಸ್ತಕದಂಗ ಮಾಡ್ಯಾಳ. ನನ್ನ ಹೆಂಡತಿ ಅಮೃತಾ ಇದ್ದಿದ್ದರೆ ನೋಡಿ ಖುಷಿ ಪಡತಿದ್ದಳು. ಆಕಿ ಹೋಗಿ ಈ ಆಷಾಢಕ್ಕ ಮೂರು ವರ್ಷ.

ಈ ವಹಿಗಳ ವಿಚಾರ ಒಮ್ಮೆ ನೆಟ್ಟಗ ಬರದು ಇಡಬೇಕು. ನಾನು ಕಾಲೇಜಿನ ಆಫೀಸಿನೊಳಗ ಇಪ್ಪತ್ತೊಂಬತ್ತು ವರ್ಷ ಇದ್ದೆ. ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದೆ. ಸ್ಟಾಫ್ ಕೌನ್ಸಿಲ್ ಇರಲಿ, ವಿಶ್ವವಿದ್ಯಾಲಯದವರು ಬಂದು ಕೂಡುವ ಕಮಿಟಿ ಇರಲಿ, ಮೂಲ್ಯಾಗ ಕುಂತು ನಡಾವಳಿ ಬರಿಯುವವ ನಾನೇ. ಮಂದಿ ಅಂದದ್ದನ್ನು ಅಂದಂಗ ಕಚ್ಚಾ ವಹಿಯೊಳಗ ಬರಕೊಳ್ಳೋದು. ಮರುದಿವಸ ಅದನ್ನು ಸೋಸಿ, ಪುಸ್ತಕದ ಭಾಷಾಕ್ಕ ತಂದು, ಸಭೆಯ ನಿರ್ಣಯ ಬರಿಯುವ ಠರಾವು ಪುಸ್ತಕದೊಳಗ ಪಕ್ಕಾ ಮಾಡೋದು. ಟೈಪ್ ಮಾಡುವವ ರಾಜಾಸಾಬ, ಈ ನುಜ್ಹತಳ ಅಪ್ಪ. ಪಕ್ಕಾ ಆದ ಮ್ಯಾಲ ಕಚ್ಚಾ ಹರದು ಹಾಕಬೇಕು ಅಂತ ರೂಲು. ಅಷ್ಟು ಚಂದ ಅಕ್ಷರ ಹರಿಯಲಿಕ್ಕೆ ನನಗ ಕೈ ಬರಲಿಲ್ಲ. ಮನಿಗೆ ತಂದು ಟ್ರಂಕಿನ್ಯಾಗ ಇಟ್ಟೆ.

ಪಕ್ಕಾ ಬರಿಯೋದು ಒಂದು ಕಲಾ. ಮೀಟಿಂಗಿನೊಳಗ ಒಬ್ಬರ ಮ್ಯಾಲ ಒಬ್ಬರು ಬಿದ್ದು ಮಾತಾಡಿರ್ತಾರ. ಅದರಾಗಿಂದ ಸಭೆಗೆ ಶೋಭಿಸುವಂಗ ತೆಗೀಬೇಕು. ಯಾರ ಹೆಸರು ಎಲ್ಲಿ ಕೂಡತದ ಅನ್ನೋದು ಬರಿಯುವವನಿಗೆ ಗೊತ್ತಿರಬೇಕು. ಇದನ್ನ ಯಾವ ಯೂನಿವರ್ಸಿಟಿನೂ ಕಲಸಂಗಿಲ್ಲ.

ನುಜ್ಹತಳ ಪಿಎಚ್.ಡಿ. ವಿಷಯ ಏನಂದರೆ, ಕಾಲೇಜು-ಯೂನಿವರ್ಸಿಟಿಯೊಳಗ ಗಂಡಸರು ಹೆಂಗ ಮಾತಾಡ್ತಾರ, ಹೆಂಗಸರು ಹೆಂಗ, ಸಾಹೇಬರು ಹೆಂಗ, ಜವಾನರು ಹೆಂಗ. ಇಂಥಾದ್ದಕ್ಕೂ ಡಾಕ್ಟ್ರೇಟ್ ಕೊಡ್ತಾರಂತ. ಇರಲಿ. ಕೂಸಿದ್ದಾಗಿಂದ ನಮ್ಮ ಮನ್ಯಾಗ ಆಡಿದ ಹುಡುಗಿ, ಕೇಳಿದಳು, ಕೊಟ್ಟೆ.

‘ಕಾಕಾ, ನಾಕನೇ ಚಾಪ್ಟರ್ ಓದಿದ್ರೇನ್ರಿ? ಅದರಾಗ ನಿಮ್ಮ...’ ಅಂದಳು.

‘ಓದದೆ ಬಿಡ್ತೀನೇನವ್ವ. ಎಪ್ಪತ್ತೇಳರ ಬಿ.ಎ. ನಾನು. ಆಗಿನ ಬಿ.ಎ. ಅಂದ್ರ ಈಗಿನ ಎಂ.ಎ.’ ಅಂತ ಹೇಳಿ, ನಮ್ಮ ಇಂಗ್ಲಿಷ್ ಮಾಸ್ತರರು ಛತ್ರಿ ಹಿಡಕೊಂಡೇ ಪ್ರೆಸಿ ರೈಟಿಂಗ್ ಕಲಸ್ತಿದ್ದ ಕಥಿ ಹೇಳಿದೆ. ಆಕಿ ಚಹಾ ಕುಡದು, ಮತ್ತ ಏನೋ ಹೇಳಾಕ ಹೊಂಟು, ಎದ್ದು ಹೋದಳು.

ಖರೆ ಹೇಳಬೇಕಂದ್ರ ಓದಿಲ್ಲ. ಅರವತ್ತು ಹಾಳಿ ಇಂಗ್ಲಿಷು. ಮೊದಲನೇ ಹಾಳ್ಯಾಗ ‘ಡೀಪ್ಲಿ ಇಂಡೆಟೆಡ್ ಟು ದಿ ಕೀಪರ್ ಆಫ್ ದಿ ನೋಟ್‌ಬುಕ್ಸ್’ ಅಂತಿತ್ತು. ಅದು ನಾನೇ. ಅದರ ಕೆಳಗ ಪೆನ್ಸಿಲಿಲೆ ಗೆರಿ ಹೊಡದೆ. ಮುಂದ ‘ಅಸಿಮೆಟ್ರಿ’ ಬಂತು, ‘ಅಟ್ರಿಬ್ಯೂಷನ್’ ಬಂತು. ಪೊರಿ ಆಪರೇಶನ್ ಆದಾಗಿಂದ ಸಣ್ಣ ಅಕ್ಷರ ಸರಿ ಕಾಣಂಗಿಲ್ಲ.

೨೦ ಜುಲೈ, ಶನಿವಾರ

ಮುಂದಿನ ಶನಿವಾರ ಯಾದಗಿರಿಯೊಳಗ ಸೆಮಿನಾರ್. ನುಜ್ಹತ ತನ್ನ ಸಂಶೋಧನಾ ಓದಿ ತೋರಸ್ತಾಳಂತ. ಇನ್ವಿಟೇಶನ್ ಕಾರ್ಡ್ ಬಂದದ. ಕೋಟು ಇಸ್ತ್ರಿಗೆ ಕೊಟ್ಟೆ. ಕರದು ನಾಲ್ಕು ಮಾತಾಡ್ರಿ ಅಂದ್ರ ಇರಲಿ ಅಂತ ಒಂದು ಚಿಟ್ಟಿ ಮಾಡಿ ಇಟ್ಟೀನಿ. ‘ರಿಸ್ಪೆಕ್ಟೆಡ್ ಡಯಾಸ್ ಅಂಡ್ ಮೈ ಡಿಯರ್ ಯಂಗ್ ಫ್ರೆಂಡ್ಸ್, ಇಟ್ ಗಿವ್ಸ್ ಮಿ ಇಮ್ಮೆನ್ಸ್ ಪ್ಲೆಜರ್.’ ಪ್ಲೆಜರ್ ಆದ ಮ್ಯಾಲ ಏನು ಬರತದ ನೆನಪಾಗವಲ್ದು.

ರಾಜಾಸಾಬ ಸಂಜಿಕ ಕಟ್ಟಿಗೆ ಬಂದ. ‘ಕೋಟು ಯಾಕ್ರಿ ಭಾಯ್, ಕುಂತಲ್ಲೇ ಬೇಯ್ತೀರಿ’ ಅಂದ. ‘ನಿನಗೇನು ಗೊತ್ತು, ಸೆಮಿನಾರ್ ಅಂದ್ರ ಸೆಮಿನಾರ್’ ಅಂದೆ. ಯಾಕೋ ಅವನ ಮಾರಿ ಸಣ್ಣದಾಗಿತ್ತು.

೨೭ ಜುಲೈ, ಶನಿವಾರ

ಯಾದಗಿರಿಯಿಂದ ಬಂದೆ. ಊಟ ಒಲ್ಲೆ.

೨೮ ಜುಲೈ, ರವಿವಾರ

ಬರದೇ ಬಿಡ್ತೀನಿ. ಇಲ್ಲದಿದ್ರ ತಲಿ ಒಡೀತದ.

ಹಾಲು ತುಂಬಿತ್ತು. ನನ್ನನ್ನು ಎರಡನೇ ಸಾಲಿನ್ಯಾಗ ಕೂಡಿಸಿದರು. ನನ್ನ ಮುಂದಿನ ಕುರ್ಚ್ಯಾಗ ನಮ್ಮ ಹಳೇ ಪ್ರಿನ್ಸಿಪಾಲ್ ಮಹಾದೇವಪ್ಪ ಸರ್. ನಮಸ್ಕಾರ ಮಾಡಿದೆ. ‘ಓಹೋ, ಬಸಲಿಂಗ, ಇನ್ನೂ ಅದಿಯೇನೋ’ ಅಂದರು. ನಕ್ಕೆ.

ನುಜ್ಹತ ಪರದೆ ಮ್ಯಾಲ ಎರಡು ಭಾಗ ಮಾಡಿ ತೋರಿಸಿದಳು. ಎಡಕ್ಕ ಕಚ್ಚಾ, ಬಲಕ್ಕ ಪಕ್ಕಾ. ನನ್ನ ಅಕ್ಷರ ಗ್ವಾಡಿ ತುಂಬ ಬಂತು. ಮೊದಲು ಎದಿ ಉಬ್ಬಿತು. ಆಮ್ಯಾಲ ಓದಿದೆ.

ಎಡಕ್ಕ: ‘೧೪-೭-೧೯೯೮. ಯಶೋಧರಾ: ಹುಣಸಗಿ ಬಸ್ಸು ಹತ್ತಕ್ಕ ಬರ್ತದ್ರಿ. ಆ ಕಡಿ ಹೆಣ್ಣುಮಕ್ಕಳಿಗೆ ಮೊದಲನೇ ತಾಸು ಸಿಗವಲ್ದು. ಹಾಜರಿ ಕಮ್ಮಿ ಬಿದ್ದು ಪರೀಕ್ಷಾಕ್ಕ ಕೂಡಲಾರದಂಗ ಆಗ್ತದ. ಹತ್ತೂವರಿಗೆ ಶುರು ಮಾಡ್ರಿ. ಯಾರೂ ಏನೂ ಅನಲಿಲ್ಲ. ಚಹಾ ಬಂತು. ಚಹಾ ಆದ ಮ್ಯಾಲ ಪ್ರಿನ್ಸಿಪಾಲರು: ಹತ್ತೂವರಿಗೆ ಶುರು ಮಾಡಿದ್ರ ಹೆಂಗ? ಎಲ್ಲಾರು: ಛಲೋ ಆತ್ರಿ ಸರ್.’

ಬಲಕ್ಕ: ‘ಗ್ರಾಮೀಣ ವಿದ್ಯಾರ್ಥಿನಿಯರ ಹಿತದೃಷ್ಟಿಯಿಂದ ತರಗತಿಗಳ ವೇಳೆಯನ್ನು ಬದಲಿಸುವ ಸೂಚನೆಯನ್ನು ಮಾನ್ಯ ಪ್ರಾಂಶುಪಾಲರು ಮಂಡಿಸಿದರು. ಸಭೆಯು ಅವರ ದೂರದೃಷ್ಟಿಯನ್ನು ಶ್ಲಾಘಿಸಿ ಸರ್ವಾನುಮತದಿಂದ ಅಂಗೀಕರಿಸಿತು.’

ದೂರದೃಷ್ಟಿ ಅನ್ನೋದು ಬಂದ ಕೂಡಲೆ ಹಾಲೆಲ್ಲ ನಕ್ಕಿತು. ಹುಡುಗರು, ಹುಡುಗ್ಯಾರು, ಮೇಡಂಗಳು, ಎಲ್ಲಾರು.

ಆಮ್ಯಾಲ ಇನ್ನೊಂದು. ಎಡಕ್ಕ: ‘ಲಾಲಮ್ಮ, ಚಹಾ ತಂದಾಕಿ: ಹೆಣ್ಣುಡುಗರ ಸಂಡಾಸಕ್ಕ ಚಿಲಕಿಲ್ರಿ ಸಾಹೇಬ್ರ. ಒಬ್ಬಾಕಿ ಒಳಗ ಹೋದ್ರ ಒಬ್ಬಾಕಿ ಬಾಗಿಲ ಹಿಡಕೊಂಡು ನಿಲ್ತಾಳ.’ ಬಲಕ್ಕ ಏನೂ ಇಲ್ಲ, ಬಿಳಿ ಪರದೆ. ಅದನ್ನ ಆಕಿ ಬಹಳ ಹೊತ್ತು ಹಂಗ ಬಿಟ್ಟಳು. ಆಗ ಯಾರೂ ನಗಲಿಲ್ಲ. ಅದು ಇನ್ನೂ ಕೆಟ್ಟ.

ಹೆಂಗಸರು ಹೇಳಿದ ಸೂಚನಾ ಕಚ್ಚಾದೊಳಗ ನೂರಾ ನಲವತ್ತೊಂದು ಅವ, ಪಕ್ಕಾದೊಳಗ ಅವರ ಹೆಸರಿನ ಮ್ಯಾಲ ಉಳದದ್ದು ಹದಿನಾರು ಅಂತ ಹೇಳಿದಳು. ‘ದಿ ಕ್ಲರ್ಕ್’ ಅಂದಳು ನನಗ. ಸೂಪರಿಂಟೆಂಡೆಂಟ್ ಅಂತ ಕೂಡ ಅನಲಿಲ್ಲ. ಹೆಸರು ಹೇಳಲಿಲ್ಲ, ಅದು ಖರೆ. ಆದರ ನಮ್ಮ ಕಾಲೇಜಿನ ಹಳಬರು ಏಳೆಂಟು ಮಂದಿ ಇದ್ದರಲ್ಲ, ಎಲ್ಲಾರೂ ಹೊಳ್ಳಿ ನನ್ನ ಕಡಿ ನೋಡಿದರು. ಮಹಾದೇವಪ್ಪ ಸರ್ ಹೊಳ್ಳಲಿಲ್ಲ. ಅವರ ಕುತ್ತಿಗಿ ಹಿಂದ ಕೆಂಪಗಾಗಿದ್ದು ನನಗ ಕಂಡಿತು.

ಚಹಾದ ಹೊತ್ತಿಗೆ ಆಕಿ ನನ್ನ ಕಡಿ ಬರಾಕತ್ತಿದ್ದಳು. ನಾನು ಹಿಂದಿನ ಬಾಗಿಲಿಂದ ಹೊರಬಿದ್ದು ಬಸ್ಸು ಹತ್ತಿದೆ. ಕೋಟಿನ ಕಿಸೆದಾಗ ಚಿಟ್ಟಿ ಹಂಗ ಇತ್ತು.

ಹಾವಿಗೆ ಹಾಲು ಅಂತಾರ. ನಾನು ಮನಿ ಟ್ರಂಕಿನ ಕೀಲಿ ಕೊಟ್ಟೆ.

೨ ಆಗಸ್ಟ್, ಶುಕ್ರವಾರ

ರಾಜಾಸಾಬ ನಮಾಜು ಮುಗಿಸಿ ನೆಟ್ಟಗ ಇಲ್ಲೇ ಬಂದ. ಒಳಗ ಕರೀಲಿಲ್ಲ. ಕಟ್ಟಿ ಮ್ಯಾಲ ಕುಂತ.

‘ಭಾಯ್, ನನ್ನ ಮಗಳು ನಿಮ್ಮ ಹೆಸರು ಎಲ್ಲೆರ ತಗದಾಳೇನ್ರಿ?’

‘ಹೆಸರು ಯಾಕ ಬೇಕು? ನನ್ನ ಅಕ್ಷರ ಊರಿಗೆ ಗೊತ್ತಿಲ್ಲೇನು?’

‘ನಿಮಗ ಹೇಳಬೇಕಂತ ಆಕಿ ನಾಕ ಸಲ ಬಂದಾಳ. ಪ್ರತಿ ಸಲ ಮನಿಗೆ ಬಂದು, ಅಬ್ಬಾ, ಕಾಕಾ ಇವತ್ತೂ ತಮ್ಮ ಬಿ.ಎ. ಕಥಿ ಹೇಳಿ ಕಳಿಸಿದ್ರು ಅಂತಾಳ.’

‘ಏನು ಮಾತಂತ ಆಡ್ತಿ. ನಾ ಬರದೆ, ಖರೆ. ಟೈಪ್ ಮಾಡಿದವ ನೀನು. ನಿನ್ನ ಮಶಿನ್ನು ಆವಾಗ ರೋಜಾ ಹಿಡದಿತ್ತೇನು?’

ಅವ ನಗಲಿಲ್ಲ. ‘ನನ್ನೂ ಬಿಟ್ಟಿಲ್ಲ ಆಕಿ. ಐದನೇ ಚಾಪ್ಟರ್ ನಂದು. ಓದಿಸಿ ಕೇಳ್ದೆ. ಎರಡು ದಿವಸ ಊಟ ಸೇರಲಿಲ್ಲ.’

‘ಮತ್ತ?’

‘ಮತ್ತೇನ್ರಿ. ಮೂರನೇ ದಿವಸ ಹಸಿವಾತು.’

ಇನ್ನ ಮುಂದ ನಮ್ಮ ಕಟ್ಟಿಗೆ ಬರಬ್ಯಾಡ ಅಂದೆ. ಮೂವತ್ತೇಳು ವರ್ಷದ ಗೆಳೆತನ. ಅವ ಚಪ್ಪಲಿ ಹಾಕ್ಕೊಂಡು, ‘ಖುದಾ ಹಾಫಿಜ್ ಭಾಯ್’ ಅಂತ ಮೆಲ್ಲಕ ಅಂದು ಹೋದ. ಬೇರೆ ಯಾರರ ಆಗಿದ್ರ ಏನರ ಬೈದು ಹೋಗತಿದ್ರು.

೬ ಆಗಸ್ಟ್, ಮಂಗಳವಾರ

ಮಹಾದೇವಪ್ಪ ಸರ್ ಫೋನ್ ಮಾಡಿದ್ದರು. ರಿಟೈರ್ ಆದ ಮ್ಯಾಲ ಮೊದಲನೇ ಸಲ. ‘ಬಸಲಿಂಗ, ನಿನಗ ಮೋಸ ಆಗ್ಯದೋ’ ಅಂದರು. ಇಷ್ಟು ದಿವಸ ಒಬ್ಬರೂ ಈ ಮಾತು ಆಡಿದ್ದಿಲ್ಲ. ನನ್ನ ಕಣ್ಣಾಗ ನೀರು ಬಂತು. ಸೆಪ್ಟೆಂಬರ್‌ದಾಗ ಆಕಿ ವೈವಾ ಅದ, ಓಪನ್ ವೈವಾ, ಯಾರು ಬೇಕಾದ್ರೂ ಎದ್ದು ನಿಂತು ಕೇಳಬಹುದು, ನೀ ಬಾ ಅಂದರು. ಬರ್ತೀನಿ ಸರ್ ಅಂದೆ.

ಆಕಿ ಐದು ವರ್ಷದ ಕೆಲಸ. ನಾನು ಎದ್ದು ನಿಂತು ‘ನನ್ನ ವಹಿ ಮೋಸದಿಂದ ಒಯ್ದಾಳ’ ಅಂದ್ರ ನಿಲ್ಲಂಗಿಲ್ಲ. ಅದು ನನಗ ಗೊತ್ತದ. ಆಕಿಗೂ ಗೊತ್ತಿರಬೇಕು.

೧೦ ಆಗಸ್ಟ್, ಶನಿವಾರ, ಸುರಪುರ

ಪಂಚಮಿಗೆ ಮಗಳು ಪರಿಮಳಾನ ಮನಿಗೆ ಬಂದೀನಿ. ಆಕಿ ಇಲ್ಲೇ ಸಾಲಿ ಟೀಚರ್. ನಿನ್ನೆ ಉಂಡಿ ತಿಂದು, ಇವತ್ತು ನಮ್ಮ ಕಾಲೇಜಿನೊಳಗ ಲೆಕ್ಚರರ್ ಇದ್ದ ಆ ಯಶೋಧರಾನ ಮನಿಗೆ ಹೋಗಿದ್ದೆ. ಆಕಿ ರಿಟೈರ್ ಆಗಿ ಇಲ್ಲೇ ಮನಿ ಕಟ್ಟಿಸ್ಯಾಳ. ಗ್ವಾಡಿ ಮ್ಯಾಲ ಬುದ್ಧನ ಫೋಟೋ, ಕೆಳಗ ಪುಸ್ತಕ. ಪರಿಮಳಾ ಆಕಿ ವಿದ್ಯಾರ್ಥಿನಿ, ಕೂಡೇ ಬಂದಳು.

‘ನನಗ ಬಸಲಿಂಗಪ್ಪನವರ ಮ್ಯಾಲ ಏನೂ ತಕರಾರಿಲ್ಲ’ ಅಂತ ನಾಲ್ಕು ಸಾಲು ಬರಸಿಕೊಂಡು ಬರಬೇಕು ಅಂತ ನನ್ನ ವಿಚಾರ. ವೈವಾದಾಗ ತೋರಸಬಹುದು. ಆಕಿ ಚಹಾ ಕೊಟ್ಟು ಎದುರಿಗೆ ಕುಂತಳು.

‘ಬಸಲಿಂಗಪ್ಪನೋರ, ನನಗ ಆವಾಗ ಗೊತ್ತಿತ್ತು. ಠರಾವು ಪುಸ್ತಕ ಸಹಿಗೆ ತರ್ತಿದ್ರಲ್ಲ, ನಾ ಓದೇ ಸಹಿ ಹಾಕ್ತಿದ್ದೆ. ಉಳಿದೋರು ಓದದೇ ಹಾಕ್ತಿದ್ರು.’

‘ಮತ್ತ ಒಂದ ಮಾತು ನನಗ ಅನಬೇಕಿಲ್ಲೇನ್ರಿ?’

‘ಏನಂತ ಅನಬೇಕಿತ್ತು? ತಾಸು ಮುಂದ ಹೋತು. ಬಸ್ಸಿನ ಹುಡುಗ್ಯಾರು ಪಾಸಾದ್ರು. ಯಾರ ಬಾಯಿಂದ ಬಂದ್ರೇನು ಅಂತಿದ್ದೆ.’ ಆಮ್ಯಾಲ ನಕ್ಕಳು. ‘ನಾ ಏನು ಮಾಡ್ತಿದ್ದೆ ಗೊತ್ತದೇನ್ರಿ? ಒಂದು ಮಾತು ನಡೀಬೇಕಂದ್ರ ಮೀಟಿಂಗಿನ್ಯಾಗ ಒಂದ ಸಲ ಹೇಳಿ ಸುಮ್ಮನಾಗೋದು. ಚಹಾದ ಹೊತ್ತಿಗೆ ಅದನ್ನ ಯಾವದರ ಒಂದು ಸರ್ ಕಿವಿಯಾಗ ಇಡೋದು. ಚಹಾ ಆದ ಮ್ಯಾಲ ಅದು ಅವರ ಬಾಯಿಂದ ಹೊರಗ ಬರ್ತಿತ್ತು. ಮೂವತ್ತು ವರ್ಷ ಹಿಂಗ ಮೊಟ್ಟಿ ಇಟ್ಟೀನಿ, ಬ್ಯಾರೇರ ಗೂಡಿನ್ಯಾಗ.’

ಪರಿಮಳಾ ಜೋರಾಗಿ ನಕ್ಕಳು. ನನಗೇನೂ ನಗು ಬರಲಿಲ್ಲ.

‘ಈಗ ಅದು ತಪ್ಪಾತು ಅನಸ್ತದ್ರಿ’ ಅಂದಳು. ‘ನನ್ನ ಹಿಂದ ಬಂದೋರೂ ಗೂಡು ಹುಡುಕಾಕತ್ತಾರ.’

ಚೀಟಿ ಬರದು ಕೊಡಂಗಿಲ್ಲ ಅಂದಳು. ಸಿಟ್ಟಿಲೆ ಅನಲಿಲ್ಲ. ಚಹಾ ಕಪ್ಪು ತಗೊಂಡು ಹೋಗ್ತಾ, ‘ನೀವಾದ್ರೂ ಕಚ್ಚಾದೊಳಗ ಬರಕೊಂಡ್ರಿ. ಬರಕೊಂಡು ಹರೀಲಿಲ್ಲ ಯಾಕ ಅಂತ ನಿಮಗ ಗೊತ್ತದೇನ್ರಿ?’ ಅಂತ ಕೇಳಿದರು. ಅಕ್ಷರ ಚಂದಿತ್ತು ಅಂದೆ.

ಕಾಲೇಜಿನೊಳಗ ಪ್ರಿನ್ಸಿಪಾಲರು ಉಳಿದ ಹೆಣ್ಣುಮಕ್ಕಳಿಗೆಲ್ಲ ಮೇಡಂ ಅಂತಿದ್ದರು, ಈಕೆಗೆ ಬರೇ ಯಶೋಧರಾ. ಯಾಕಂತ ಬರಿಯೋದೇನು, ಊರಿಗೇ ಗೊತ್ತಿದ್ದದ್ದು. ಕಚ್ಚಾದೊಳಗ ನಾನೂ ಹಂಗ ಬರದೀನಿ. ಸರ್ ಅಂದಂಗ ಬರಿಯೋದು ನನ್ನ ಕೆಲಸ.

ಸಂಜಿಕ ಮಗಳ ಮನಿಗೆ ಹೊಳ್ಳಾಕಂತ ಬಸ್ ಸ್ಟ್ಯಾಂಡಿನ್ಯಾಗ ನಿಂತಿದ್ದೆವು. ಪರಿಮಳಾ, ‘ಅಪ್ಪಾ, ನಿಮಗ ಒಂದು ಕೇ‌ಳಬೇಕಿತ್ತು. ಅವ್ವನ್ನ ಆವತ್ತು ದವಾಖಾನಿಗೆ ಕರಕೊಂಡು ಹೋದಾಗ...’ ಅಂದಳು.

‘ಬಸ್ ಬಂತು, ಬಸ್ ಬಂತು’ ಅಂದೆ. ಬಂದದ್ದು ಲಿಂಗಸುಗೂರು ಬಸ್ಸು. ನಮ್ಮದು ಬರೋದು ಇನ್ನೂ ಅರ್ಧ ತಾಸಿತ್ತು. ಆಕಿ ಮತ್ತ ಕೇಳಲಿಲ್ಲ.

೧೯ ಆಗಸ್ಟ್, ಸೋಮವಾರ

ಪರಿಮಳಾ ಕೇಳಬೇಕಂದದ್ದು ಏನಂತ ನನಗ ಗೊತ್ತದ.

ಡಾಕ್ಟರು ಅಮೃತಾನ್ನ ಕೇಳಿದರು, ಎಲ್ಲಿ ನೋಯ್ತದಮ್ಮ ಅಂತ. ನಾನು ಹೇಳಿದೆ. ಗ್ಯಾಸ್ಟ್ರಿಕ್ ಸರ್, ಹಳೇದು, ವೆರಿ ಓಲ್ಡ್ ಕಂಪ್ಲೇಂಟ್. ಆಕಿ ಕೈ ಎತ್ತಿ ಹೆಗಲ ಹತ್ರ ಏನೋ ತೋರಸಾಕ ಹೋದಳು. ನಾ ಎಲ್ಲಾ ಹೇಳೀನಿ, ನೀ ಸುಮ್ಕಿರು ಅಂದೆ. ಗುಳಿಗಿ ಬರಕೊಟ್ಟರು. ನೋವು ಎದಿದು ಅಂತ ಮೂರನೇ ದಿವಸ ಗೊತ್ತಾತು.

ಇವತ್ತಿಗೆ ಇಷ್ಟ.

೩ ಸೆಪ್ಟೆಂಬರ್, ಮಂಗಳವಾರ

ವೈವಾ ಹನ್ನೆರಡನೇ ತಾರೀಖು, ಗುರುವಾರ, ಯಾದಗಿರಿಯೊಳಗ. ಮಹಾದೇವಪ್ಪ ಸರ್ ಮನಿಗೆ ಕರಸಿಕೊಂಡಿದ್ದರು. ಅವರು ಸೋಫಾದ ಮ್ಯಾಲ, ನಾನು ಬಾಗಿಲ ಹತ್ರದ ಸ್ಟೂಲಿನ ಮ್ಯಾಲ. ಅಲ್ಲೇ ಕೂಡು ಅಂತ ಅವರು ಹೇಳಲಿಲ್ಲ, ನಾನಾಗಿ ಕುಂತೆ.

‘ಮೋಸ ಗೀಸ ಅಂತ ಅಳಬ್ಯಾಡ ಅಲ್ಲಿ. ಆ ವಹಿ ನಂದಲ್ಲ ಅಂದುಬಿಡು. ಆ ಹುಡುಗಿನೇ ಕುಂತು ಹುಟ್ಟಿಸಿ ಬರದಾಳ ಅನ್ನು. ಮುಗೀತು.’

‘ಸರ್, ಅವು ನನ್ನ ವಹಿನ ಅವ.’

‘ನನಗ ಗೊತ್ತಿಲ್ಲೇನೋ? ಕಾಲೇಜಿನ್ಯಾಗ ನನ್ನ ಹೆಸರಿಲೆ ಒಂದು ಬ್ಲಾಕ್ ಅದ, ಕಲ್ಲಿನ್ಯಾಗ ಕೆತ್ತಿಸ್ಯಾರ. ದೂರದೃಷ್ಟಿಯ ಪ್ರಾಂಶುಪಾಲರು ಅಂತ. ಆ ಮಾತು ಯಾರದು? ನಿಂದು. ನೀ ಬರದಿದ್ದಕ್ಕ ಮಂದಿ ಈಗ ನನ್ನ ನೋಡಿ ನಗಾಕತ್ತಾರ.’

ನನಗ ಇದು ಹೊಳದಿರಲಿಲ್ಲ. ಅವರ ಸಲುವಾಗಿ ಬರದದ್ದು ಈಗ ನನ್ನ ತಪ್ಪಾತು. ಹುಡುಗಿನೂ ನನ್ನ ತಪ್ಪು ಅಂತಾಳ, ಸರ್‌ನೂ ಅದನ್ನ ಅಂತಾರ. ಇವರಿಬ್ಬರು ಈ ಒಂದು ಮಾತಿನ್ಯಾಗ ಮಾತ್ರ ಕೂಡ್ಯಾರ.

ಮೋಸ ಆಗ್ಯದ ಅಂತ ಹೇಳೋ ಅಂದಿದ್ರ ಹೇಳ್ತಿದ್ದೆ. ಅಕ್ಷರನೇ ನಿಂದಲ್ಲ ಅನ್ನು ಅಂದ್ರ? ಆದರೂ ‘ಆಗಲಿ ಸರ್’ ಅಂತ ಅಂದು ಬಂದೆ. ಬಾಯಿಂದ ಆ ಎರಡು ಮಾತು ತಾವಾಗೇ ಬರ್ತಾವ.

೯ ಸೆಪ್ಟೆಂಬರ್, ಸೋಮವಾರ

ವೈವಾಕ್ಕ ಇಂಗ್ಲಿಷ್‌ನೊಳಗ ಹೇಳಬೇಕು, ವಜನು ಬರತದ. ‘ಐ ಸ್ಟ್ರಾಂಗ್ಲಿ ಆಬ್ಜೆಕ್ಟ್. ದಿ ಸೆಡ್ ನೋಟ್‌ಬುಕ್ಸ್ ಆರ್ ನಾಟ್ ಆಫ್ ಮೈ ಹ್ಯಾಂಡ್.’ ಹತ್ತು ಸಲ ಬಾಯಿಪಾಠ ಮಾಡಿದೆ. ಹನ್ನೊಂದನೇ ಸಲ ಅಂದ್ರ ‘ನಾಟ್’ ಬಿಟ್ಟುಹೋಗ್ತದ.

ರಾಜಾಸಾಬ ಓಣಿಯೊಳಗ ಸಿಕ್ಕಿದ್ದ. ಬಾಯಿ ತನಕ ಬಂತು, ಕರೀಲಿಲ್ಲ. ಅವನೂ ನಿಂತಂಗ ಮಾಡಿ ಹೋದ.

೧೩ ಸೆಪ್ಟೆಂಬರ್, ಶುಕ್ರವಾರ, ಮುಂಜಾನೆ

ನಿನ್ನೆ ವೈವಾ ಆತು. ಕ್ರಮವಾಗಿ ಬರೀತೀನಿ.

ಹೊರಗಿನ ಪ್ರೊಫೆಸರು ಮೈಸೂರು ಕಡಿಯವರು, ಮೆತ್ತನ ಮನಷಾ. ನುಜ್ಹತ ಬಿಳಿ ಸೀರಿ ಉಟ್ಟು ನಿಂತಿದ್ದಳು. ಅವರು ಪ್ರಶ್ನೆ ಕೇಳೋದು ಆಕಿಗೆ. ಆಕಿ ಬಾಯಿ ತೆಗೆಯೋದರೊಳಗ ಆಕಿ ಗೈಡು, ‘ಸರ್, ಆಕಿ ಏನಂತಾಳಂದ್ರ’ ಅಂತ ತಾವೇ ಶುರು ಮಾಡೋರು. ನಾಲ್ಕು ಸಲ ಹಂಗಾತು. ಎಣಿಸಬೇಕಂತ ಎಣಿಸಲಿಲ್ಲ, ಹಳೇ ಚಟ. ಐದನೇ ಸಲ ಆಕಿ ಮಾತು ಅರ್ಧಕ್ಕ ಬಂದಿತ್ತು, ಅಧ್ಯಕ್ಷರು ‘ಸಾಕು ಸಾಕಮ್ಮ, ಟೈಮಿಲ್ಲ’ ಅಂದರು. ಹತ್ತು ನಿಮಿಷ ಗೈಡ್ ಮಾತಾಡಿದಾಗ ಟೈಮಿತ್ತು.

ಆಮ್ಯಾಲ ನಾಲ್ಕನೇ ಚಾಪ್ಟರ್ ಬಂತು. ಮಹಾದೇವಪ್ಪ ಸರ್ ಕುಂತಲ್ಲಿಂದ, ‘ಏನವ್ವ, ಈ ಕಚ್ಚಾ ವಹಿ ಯಾರು ಬರದದ್ದು? ಆಧಾರ ಏನು?’ ಅಂದರು.

ಪ್ರೊಫೆಸರು ಅದನ್ನೇ ಹಿಡಿದರು. ‘ನೋಡಮ್ಮ, ನೋಟ್‌ಬುಕ್ ಯಾರದ್ದು ಅಂತ ನೀವು ಹೇಳದೇ ಇದ್ರೆ ನಾವು ಹೇಗೆ ಒಪ್ಪೋದು?’

‘ಹೆಸರು ಹೇಳಂಗಿಲ್ಲ ಅಂತ ಅವರಿಗೆ ಮಾತು ಕೊಟ್ಟೀನ್ರಿ ಸರ್.’

‘ಹಾಗಾದ್ರೆ ಈ ಅಧ್ಯಾಯ ತೆಗೀಬೇಕಾಗುತ್ತೆ. ಇಡೀ ಥೀಸಿಸ್ ವಾಪಸ್ ಹೋಗುತ್ತೆ. ಯೋಚನೆ ಮಾಡಿ.’

ಆಕಿ ನನ್ನ ಕಡಿ ನೋಡಲಿಲ್ಲ. ನಾನು ಎಲ್ಲಿ ಕುಂತೀನಿ ಅಂತ ಆಕಿಗೆ ಗೊತ್ತಿತ್ತು. ‘ಹೋದ್ರ ಹೋಗಲಿ ಸರ್’ ಅಂದಳು. ಗೈಡು ಈಗ ಬಾಯಿ ತಗೀಲಿಲ್ಲ.

ಮಹಾದೇವಪ್ಪ ಸರ್ ಹೊಳ್ಳಿ, ಅಷ್ಟು ಮಂದ್ಯಾಗ, ‘ಏ ಬಸಲಿಂಗ, ಎದ್ದು ಹೇಳೋ’ ಅಂದರು.

ಎದ್ದೆ. ಆಬ್ಜೆಕ್ಟ್ ಅನ್ನೋದು ನೆನಪಾಗಲಿಲ್ಲ. ಸ್ಟ್ರಾಂಗ್ಲಿನೂ ಹೋತು. ‘ದಿ ಹ್ಯಾಂಡ್ ಈಸ್ ಮೈನ್’ ಅಂದೆ.

ಪ್ರೊಫೆಸರು, ‘ಹೇಳಿ ಸರ್, ಆರಾಮಾಗಿ ಕನ್ನಡದಲ್ಲೇ ಹೇಳಿ’ ಅಂದರು. ಸರ್ ಅಂದರು. ಹೇಳಿದೆ. ಈ ವಹಿ ನನ್ನವು, ನಾನೇ ಕೊಟ್ಟೀನಿ, ಯಾರೂ ಕದ್ದು ಒಯ್ದಿಲ್ಲ. ಇಪ್ಪತ್ತೊಂಬತ್ತು ವರ್ಷ ಮಂದಿ ಆಡಿದ್ದು ಆಡಿದಂಗ ಬರಕೊಂಡೀನಿ, ಕಚ್ಚಾದೊಳಗ ಒಂದ ಅಕ್ಷರ ಸುಳ್ಳಿಲ್ಲ. ಪಕ್ಕಾನೂ ನಾನೇ ಬರದದ್ದು. ಯಾರೂ ಹಿಂಗ ಬರಿ ಅಂತ ನನಗ ಹೇಳಿದ್ದಿಲ್ಲ, ಹೇಳಬೇಕಾಗೇ ಇರಲಿಲ್ಲ. ಯಶೋಧರಾ ಮೇಡಂ ಅವರು ಅಂದದ್ದು ಅವರೇ ಅಂದದ್ದು. ಲಾಲಮ್ಮ ಅಂದದ್ದು ಲಾಲಮ್ಮನೇ ಅಂದದ್ದು. ಮಾತಿನ ನಡುವ ಛತ್ರಿ ಮಾಸ್ತರರ ಕಥಿನೂ ಬಂತು, ಯಾಕ ಬಂತೋ. ಕಾಲು ತಾಸು ಹಿಡದಿರಬೇಕು. ನಡುವ ಒಬ್ಬರೂ ಬಾಯಿ ಹಾಕಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಲಿಲ್ಲ. ಸರ್ವೀಸಿನೊಳಗ ಇಷ್ಟು ಮರ್ಯಾದಿ ನನಗ ಸಿಕ್ಕಿದ್ದಿಲ್ಲ.

ಒಪ್ಪಿದರು. ಡಾಕ್ಟರ್ ನುಜ್ಹತ ಅಂತ ಕೂಗಿದರು. ಮಹಾದೇವಪ್ಪ ಸರ್ ಊಟ ಮಾಡದೇ ಕಾರು ಹತ್ತಿದರು. ನಾನು ನಮಸ್ಕಾರ ಮಾಡಿದೆ, ಗಾಜು ಏರಿಸಿದರು. ಅವರಿಗೂ ಬ್ಯಾಡಾದೆ. ಇದು ಬರೀವಾಗ ಅದೇ ಚುಚ್ಚತದ. ಯಾರ ಸಲುವಾಗಿ ಅಷ್ಟು ವರ್ಷ ಸೋಸಿದೆನೋ ಅವರು ಒಂದು ತುತ್ತು ಅನ್ನಕ್ಕ ನಿಲ್ಲಲಿಲ್ಲ.

ವೈವಾ ಆದ ಮ್ಯಾಲ ಪಾಸಾದವರು ಊಟ ಹಾಕಿಸೋದು ಪದ್ಧತಿ. ಶೇಂಗಾ ಹೋಳಿಗಿ, ಖಡಕ್ ರೊಟ್ಟಿ. ರಾಜಾಸಾಬ ಬಡಸಾಕತ್ತಿದ್ದ. ನನ್ನ ತಾಟಿಗೆ ಎರಡು ಹೋಳಿಗಿ ಹಾಕಿ ಮಾತಾಡದೇ ಮುಂದ ಹೋದ. ನುಜ್ಹತ ಬಂದು ಬಾಜೂಕ ಕುಂತಳು.

‘ನಿನ್ನ ಮಾಫ್ ಮಾಡೀನಿ ಅಂತ ತಿಳೀಬ್ಯಾಡ’ ಅಂದೆ.

‘ನಾನೂ ಮಾಡಿಲ್ರಿ ಕಾಕಾ.’

ನಾನು ಹೋಳಿಗಿ ಮುರದದ್ದು ಕೈಯಾಗೇ ಉಳೀತು.

‘ಕಚ್ಚಾದೊಳಗ ಒಂದ ಅಕ್ಷರ ಸುಳ್ಳಿಲ್ಲ ಅಂದ್ರಲ್ರಿ. ೨೦೧೩ರ ವಹಿ, ಆಗಸ್ಟ್ ತಿಂಗಳು. ನಾನು ಬಿ.ಎ. ಕಡೀ ವರ್ಷ. ವಿದ್ಯಾರ್ಥಿ ಪ್ರತಿನಿಧಿ ಅಂತ ಮೀಟಿಂಗಿಗೆ ಕರದಿದ್ರು. ನಾನೂ ಎದ್ದು ಮಾತಾಡಿದ್ದೆ. ಮೂರು ದಿವಸ ಕನ್ನಡಿ ಮುಂದ ನಿಂತು ತಯಾರಿ ಮಾಡಿದ್ದೆ. ನೀವು ಏನು ಬರಕೊಂಡೀರಿ ಗೊತ್ತದೇನ್ರಿ?’

ನೆನಪಿರಲಿಲ್ಲ.

‘ರಾಜಾಸಾಬನ ಮಗಳು ಏನೋ ಅಂದಳು ಅಂತ ಬರದೀರಿ. ಅಷ್ಟೇ. ಲಾಲಮ್ಮ ಅಂದದ್ದೂ ಪೂರಾ ಅದ ಅಲ್ಲಿ. ನಂದಿಲ್ಲ. ನಿಮ್ಮ ಮನ್ಯಾಗ ಆಡಿ ಬೆಳದಾಕಿ, ಅದಕ್ಕ ಕೇಳಬೇಕು ಅನಸಿರಲಿಕ್ಕಿಲ್ಲ.’

‘ಮತ್ತ ಅದನ್ನ ಥೀಸಿಸಿನ್ಯಾಗ ಯಾಕ ಹಾಕಲಿಲ್ಲ?’

‘ಏನಂದೆ ಅಂತ ಎಲ್ಲೂ ಇಲ್ಲಲ್ರಿ. ಪ್ರೊಫೆಸರು ಆಧಾರ ಕೇಳ್ತಾರ.’

ಆಗ ವಹಿ ಮುಗಿಯಾಕ ಬಂದಿತ್ತು, ಹಾಳಿ ಕಮ್ಮಿ ಇದ್ದವು ಅಂತ ಹೇಳಬೇಕಂತಿದ್ದೆ. ಹೇಳಲಿಲ್ಲ. ‘ಏನಂದಿದ್ದಿ’ ಅಂತ ಕೇಳಿದೆ.

ಆಕಿ ಹೇಳಾಕತ್ತಿದಳು. ತಾಟಿನ್ಯಾಗಿನ ರೊಟ್ಟಿ ಒಣಗಿತು. ಮೇಜು ಎತ್ತುವವರು ಬಂದು ನಮ್ಮನ್ನ ಬಿಟ್ಟು ಉಳಿದದ್ದೆಲ್ಲ ಎತ್ತಿದರು. ಮೂರು ಗಂಟೆ ಬಸ್ಸು ಹೋತು. ನಡುವ ಎರಡು ಸಲ ನನಗ ಒಂದು ಮಾತು ನೆನಪಾಗಿತ್ತು, ಆಕಿ ಮುಗಿಸಲಿ ಅಂತ ಬಿಟ್ಟೆ, ಆಮ್ಯಾಲ ಏನಂತ ಮರತೇ ಹೋತು. ಈ ಹುಡುಗಿ ಇಷ್ಟು ಮಾತಾಡ್ತಾಳ ಅಂತ ನನಗ ಗೊತ್ತೇ ಇರಲಿಲ್ಲ.

ನೆನಪಿರುವಾಗಲೇ ಇಲ್ಲಿ ಬರದು ಇಡ್ತೀನಿ.

ನುಜ್ಹತ ರಾಜಾಸಾಬ, ಬಿ.ಎ. ಮೂರನೇ ವರ್ಷ: ‘ಇಂಟರ್ನಲ್ ಮಾರ್ಕ್ಸಿನ ಸೆಮಿನಾರಿಗೆ ಹೆಣ್ಣುಮಕ್ಕಳು ಎದ್ದು ನಿಂತ ಕೂಡಲೇ ಹಿಂದಿನ ಬೆಂಚಿನವರು ನಗ್ತಾರ್ರಿ. ನಾವು ಮನ್ಯಾಗ ದಖನಿ ಉರ್ದು ಮಾತಾಡೋರು. ಉಳಿದ ಹುಡುಗ್ಯಾರು ತಮ್ಮೂರ ಮಾತು ಆಡ್ತಾರ. ಪುಸ್ತಕದ ಕನ್ನಡ ಬಾಯಿಗೆ ಬರೋದರೊಳಗ ಮಂದಿಗೆ ನಗು ಬಂದಿರ್ತದ. ಸರ್ ಅವರೂ ನಗ್ತಾರ. ಆಮ್ಯಾಲ, ಸಾಕು ಕೂಡಮ್ಮ ಅಂತಾರ. ಕೂಡಮ್ಮ ಅಂದ್ರ ಹತ್ತಕ್ಕ ನಾಕು ಮಾರ್ಕ್ಸ್. ಹುಡುಗರು ತಪ್ಪು ಮಾತಾಡಿದ್ರ ಯಾರೂ ಕೂಡಪ್ಪ ಅನ್ನಂಗಿಲ್ಲ. ನಮ್ಮ ಕ್ಲಾಸಿನ ದಾವಲಬೀಗೂ ಹಂಗ ಅಂದ್ರು, ಆವತ್ತಿಂದ ಆಕಿ ಕಾಲೇಜಿಗೆ ಬಂದಿಲ್ಲ. ಆಕಿ ನನಗಿಂತ ಶಾಣ್ಯಾಕಿ. ನಾವು ಹೆಂಗರ ಮಾತಾಡ್ಲಿ, ಮುಗಿಯುತನಕ ಕೇಳ್ರಿ. ಮುಗದ ಮ್ಯಾಲ ಎಷ್ಟು ಬೇಕಾದ್ರೂ ನಗ್ರಿ. ಹಿಂಗಂತ ಒಂದು ಠರಾವು ಮಾಡ್ರಿ ಅಂತ ನಮ್ಮ ವಿನಂತಿ.’

ಈ ವಿಷಯದ ಮ್ಯಾಲ ಆವತ್ತು ಯಾವ ಠರಾವೂ ಆಗಲಿಲ್ಲ.